ಸೊನ್ನೆ ಹುದ್ದೆಯ ಫಕ್ಕೀರಪ್ಪ

ಮುಂದೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಮ್ಮೆಗೆ ಪ್ರಮಾಣಪತ್ರ ಸಿಕ್ಕ ಕಡೆ ಬಂದಾಗ ಕೆಲವರು ಹುಬ್ಬೇರಿಸಬಹುದು. ಆ ಪತ್ರದ ಮೇಲೆ ಎಮ್ಮೆಯ ಭಾವಚಿತ್ರವಿದೆ, ಅಧಿಕಾರಿಯ ಸಹಿಯಿದೆ, ಮೊಹರೂ ಇದೆ. ಸತ್ಯಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ಒದಗಿಸಲು ಯಾರಿಂದಲೂ ಆಗದು.

ಎರಡು ಸಾವಿರದ ಅರವತ್ತೆಂಟನೇ ಇಸವಿ, ಜನವರಿ ತಿಂಗಳ ಒಂದು ಬುಧವಾರ. ಹಿರೇಕಣವಿಯ ಜಿಲ್ಲಾ ನಿರೋಧ ಪ್ರಯೋಗಾಲಯದಲ್ಲಿ ನೆನಪುಮಾಪಕವೆಂಬ ಯಂತ್ರ ಫಕ್ಕೀರಪ್ಪ ಹಡಪದನ ಒಂದು ಹನಿ ರಕ್ತ ಕುಡಿದು, ಉಂಡು ಗೋಡೆಗೊರಗಿ ಕೂತವರಂತೆ ಸಣ್ಣಗೆ ಗುರುಗುಟ್ಟಿ, ಹನ್ನೊಂದನೇ ನಿಮಿಷಕ್ಕೆ ಒಂದು ಚೀಟಿ ಹೊರಹಾಕಿತು. ಚೀಟಿಯ ಮೇಲೆ ಸೊನ್ನೆ ಇತ್ತು. ಅದರ ಹಿಂದೆ ಮುಂದೆ ಒಂದು ಚುಕ್ಕಿ ಕೂಡ ಇರಲಿಲ್ಲ.

"ಮತ್ತ ಅದ ಬಂತೇನ್ರಿ?" ಅಂದ ಫಕ್ಕೀರಪ್ಪ.

"ಮತ್ತ ಅದ" ಎಂದರು ಜಿಲ್ಲಾ ನಿರೋಧಾಧಿಕಾರಿ ಇನಾಮದಾರರು, ಚೀಟಿಯನ್ನು ಬೆಳಕಿಗೆ ಹಿಡಿದು. ಅವರು ಎಲ್ಲ ಚೀಟಿಗಳನ್ನೂ ಬೆಳಕಿಗೆ ಹಿಡಿಯುತ್ತಿದ್ದರು. "ಒಂಬತ್ತು ಇಂಜೆಕ್ಷನ್ ಆದ್ವು ಫಕ್ಕೀರಪ್ಪ. ಕಲ್ಲಿಗೆ ಹಾಕಿದ್ರೂ ಇಷ್ಟೊತ್ತಿಗೆ ಏನರ ಬರ್ತಿತ್ತು."

"ಕಲ್ಲಿಗೆ ಹಾಕಿ ನೋಡೀರೇನ್ರಿ ಸಾಹೇಬ್ರ?"

ಇನಾಮದಾರರು ಮೇಜಿನ ಮೇಲಿದ್ದ ಅವನ ಪರವಾನಗಿಯನ್ನು ಎಳೆದುಕೊಂಡು ಅದರ ಮೇಲೆ ಕೆಂಪು ಮೊಹರು ಒತ್ತಿದರು. ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದ ಎದುರು ಕೂತು ಊರಿನ ಗಡ್ಡ ತೆಗೆದ ಮನುಷ್ಯ ಆ ಕ್ಷಣದಿಂದ ಯಾರ ಮೈಗೂ ಕತ್ತಿ ತಾಗಿಸುವಂತಿರಲಿಲ್ಲ.

ಹೆಪಟೈಟಿಸ್ ಬಿ ಯಕೃತ್ತನ್ನು ಹಿಡಿಯುವ ರೋಗ. ರಕ್ತದ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ದಾಟಲು ದೊಡ್ಡ ಗಾಯವೇನೂ ಬೇಡ, ಕಣ್ಣಿಗೆ ಕಾಣದ ಒಂದು ಗೀರು ಸಾಕು. ಲಸಿಕೆ ಹಾಕಿಸಿಕೊಂಡು ಅದು ಮೈಗೆ ಹಿಡಿದರೆ ಭಯವಿಲ್ಲ. ಇಷ್ಟು ತಿಳಿದ ಮೇಲೆ ಸರ್ಕಾರ ಅಲಗು ಕಾಯ್ದೆ ತಂದಿತ್ತು. ಮನುಷ್ಯರ ಚರ್ಮಕ್ಕೆ ಅಲಗನ್ನೋ ಸೂಜಿಯನ್ನೋ ತಾಗಿಸುವವರು, ಅಂದರೆ ಕ್ಷೌರಿಕರು, ನರ್ಸುಗಳು, ಹಲ್ಲಿನ ಡಾಕ್ಟರುಗಳು, ಕಿವಿ ಚುಚ್ಚುವ ಪತ್ತಾರರು, ವರ್ಷಕ್ಕೊಮ್ಮೆ ರಕ್ತ ಕೊಟ್ಟು ತಮ್ಮ ಮೈಯಲ್ಲಿ ನಿರೋಧ ಇದೆಯೆಂದು ತೋರಿಸಬೇಕು. ಹತ್ತು ಅಂಕ ದಾಟಿದರೆ ಪಾಸು. ಸ್ವಂತ ಗಡ್ಡ ಸ್ವಂತ ಕೈಯಿಂದ ತೆಗೆದುಕೊಳ್ಳುವವರಿಗೂ ಇದು ಅನ್ವಯಿಸುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ, ಸ್ವಂತ ಚರ್ಮವೂ ಮನುಷ್ಯರ ಚರ್ಮವೇ ಎಂದು ಇನಾಮದಾರರು ಸುತ್ತೋಲೆ ಹೊರಡಿಸಿದ್ದರು.

ಫಕ್ಕೀರಪ್ಪ ಮನೆಗೆ ಬಂದಾಗ ಮಗಳು ರೇಣುಕಾ ಮೆಟ್ಟಿಲ ಮೇಲೆ ಕೂತು ತನ್ನ ಮಗಳ ತಲೆ ಬಾಚುತ್ತಿದ್ದಳು. ಮಗುವಿನ ಹೆಸರು ನೀಲಾಂಬಿಕೆ, ಕರೆಯುವುದು ನೀಲಿ. ಎರಡು ವರ್ಷ ಎರಡು ತಿಂಗಳು. ಹುಟ್ಟಿದ ಕೂದಲು ಇನ್ನೂ ತೆಗೆದಿರಲಿಲ್ಲ. ಒಂದನೇ ವರ್ಷಕ್ಕೆ ಜವಳ ಆಗಬೇಕಿತ್ತು. ಆಗಲೂ ಅಜ್ಜನ ಚೀಟಿಯಲ್ಲಿ ಸೊನ್ನೆ ಬಂದು, ಪರವಾನಗಿ ಆರು ತಿಂಗಳು ತಡೆಹಿಡಿದು, ಕೊನೆಯ ಅವಕಾಶವೆಂದು ಮರಳಿಸಿದ್ದರು. ಜವಳವೇನಿದ್ದರೂ ಬೆಸ ವರ್ಷಕ್ಕೇ. ಒಂದು ತಪ್ಪಿದರೆ ಮೂರು, ಮೂರು ತಪ್ಪಿದರೆ ಐದು.

"ಏನಾತು ಯಪ್ಪಾ?"

"ಸೊನ್ನಿ."

ರೇಣುಕಾ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟಳು. "ನಮ್ಮತ್ತಿ ಕಾರ್ತೀಕಕ್ಕ ಮುಗಿಸಬೇಕಂತ ಹಟ ಹಿಡದಾರ. ಕೂಸಿಗಿ ಜಡಿ ಹಾಕ್ಕೋಂತ ಕುಂತ್ರ ಮಂದಿ ಏನಂತಾರ ಅಂತ. ಬಸಣ್ಣನ ಅಂಗಡಿಯವರ ಕೈಲೆ ಮಾಡಿಸೂಣೇನು?"

"ನಿನ್ನ ಜವಳ ಯಾರು ಮಾಡಿದ್ರು?"

"ನೀನ."

"ನಂದು?"

"ನಿಮ್ಮಜ್ಜ. ಎಷ್ಟು ಸಲ ಹೇಳ್ತಿ ಯಪ್ಪಾ."

"ಮತ್ತ ಬಸಣ್ಣ ಯಾರು ನಮಗ?"

ರೇಣುಕಾ ಬಾಚಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಊರಿನ ಇನ್ನೊಂದು ಕ್ಷೌರದಂಗಡಿಯ ಬಸಣ್ಣನ ಅಂಕ ಎಂಟುನೂರಾ ಮೂವತ್ತು, ಅದೊಂದು ಎಲ್ಲರಿಗೂ ಗೊತ್ತಿತ್ತು. ಅವನು ಅದನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಿಕೊಂಡಿದ್ದ.

ಎರಡು ವಾರ ಕಳೆದ ಮೇಲೆ ಡಾಕ್ಟರ್ ವಸುಂಧರಾ ಪತ್ತಾರ ಫಕ್ಕೀರಪ್ಪನ ಮುಚ್ಚಿದ ಅಂಗಡಿಗೆ ತಾವಾಗಿಯೇ ಬಂದರು. ನೆನಪುಮಾಪಕವನ್ನು ಕಂಡುಹಿಡಿದವರು ಅವರೇ. ಫಕ್ಕೀರಪ್ಪ ಮುಂದಿನ ಕಟ್ಟೆಯ ಮೇಲೆ ಕೂತು ಯಾರಿಗೂ ಬೇಡವಾದ ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡುತ್ತಿದ್ದ. ಡಾಕ್ಟರು ಗಿರಾಕಿಯ ಕುರ್ಚಿಯಲ್ಲೇ ಕೂತರು.

"ಫಕ್ಕೀರಪ್ಪನವರ, ನಿಮ್ಮ ರಕ್ತ ನಮಗ ಬೇಕಾಗೇತಿ."

"ಬಾಯಾರ, ನನ್ನ ರಕ್ತ ಉಪಯೋಗಿಲ್ಲಂತ ನಿಮ್ಮ ಆಫೀಸಿನಾಗ ಬರದ ಕೊಟ್ಟಾರ."

"ಅದು ಉಪಯೋಗಿಲ್ಲ ಅಂತನ ಉಪಯೋಗ."

ಫಕ್ಕೀರಪ್ಪ ಕತ್ತಿ ಮಡಿಸಿಟ್ಟ. ಓದಿದವರು ಹೀಗೆ ಮಾತಾಡಲು ಶುರುಮಾಡಿದರೆ ಕೈಯಲ್ಲಿ ಅಲಗು ಇರಬಾರದು ಎಂಬುದು ಅವನ ಅನುಭವ.

ಡಾಕ್ಟರು ವಿವರಿಸಿದರು. ಹಿಂದೆ ರಕ್ತದಲ್ಲಿ ತೇಲುವ ಪ್ರತಿಕಾಯಗಳನ್ನು ಎಣಿಸುತ್ತಿದ್ದರು. ಲಸಿಕೆ ಹಾಕಿಸಿಕೊಂಡು ಇಪ್ಪತ್ತು ವರ್ಷವಾದರೆ ಆ ಲೆಕ್ಕ ಇಳಿಯುತ್ತಿತ್ತು. ಆದರೆ ನಿರೋಧ ಹೋಗಿರುತ್ತಿರಲಿಲ್ಲ. ರಕ್ತದ ಬಿಳಿ ಕಣಗಳು ರೋಗದ ಗುರುತನ್ನು ನೆನಪಿಟ್ಟುಕೊಂಡಿರುತ್ತವೆ. ನೆನಪುಮಾಪಕ ಆ ನೆನಪನ್ನೇ ಅಳೆಯುತ್ತದೆ. ಯಂತ್ರದೊಳಗೆ ಒಂದು ಸಣ್ಣ ಬಟ್ಟಲು. ಬಟ್ಟಲಲ್ಲಿ ಹುಸಿಕವಚವೆಂಬ ದ್ರವ. ವೈರಸ್ಸಿನ ಹೊರಗಿನ ಅಂಗಿ ಮಾತ್ರ, ಒಳಗೆ ವೈರಸ್ ಇಲ್ಲ. ಸೂಜಿಯ ತುದಿಯಲ್ಲಿ ರಕ್ತದ ಹನಿ ತೆಗೆದುಕೊಂಡು ಆ ಬಟ್ಟಲಿಗೆ ಅದ್ದಬೇಕು. ಕಳ್ಳನ ಅಂಗಿ ನೋಡಿದರೆ ಅವನನ್ನು ಹಿಂದೆ ಕಂಡಿದ್ದ ಕಾವಲುಗಾರರು ಎದ್ದು ನಿಲ್ಲುತ್ತಾರಲ್ಲ, ಹಾಗೆ ನೆನಪಿರುವ ಕಣಗಳು ಎದ್ದು ನಿಲ್ಲುತ್ತವೆ. ಯಂತ್ರ ಎದ್ದವರನ್ನು ಎಣಿಸುತ್ತದೆ.

"ತ್ರಾಸ ಏನಂದ್ರ" ಎಂದರು ಡಾಕ್ಟರು, "ಎಲ್ಲಾರ ರಕ್ತದಾಗೂ ಕಾರಣಿಲ್ಲದ ಎದ್ದು ನಿಲ್ಲೋ ಕಣ ಅಷ್ಟಿಷ್ಟು ಇರ್ತಾವ."

"ಆಫೀಸಿನಾಗೂ ಇರ್ತಾರಲ್ರಿ."

"ಹೂಂ. ಅವನ್ನ ಕಳೀಬೇಕು. ನೀವು ಡಬ್ಬಿ ತಗೊಂಡು ಎಣ್ಣಿ ತರಾಕ ಹೋದ್ರ ಅಂಗಡಿಯಾಂವ ಮೊದಲ ಖಾಲಿ ಡಬ್ಬಿ ತೂಗ್ತಾನೋ ಇಲ್ಲೋ? ಆಮ್ಯಾಲೆ ಎಣ್ಣಿ ಹಾಕಿ ತೂಗಿ, ಡಬ್ಬಿ ತೂಕ ಕಳೀತಾನ. ನಮಗ ಖಾಲಿ ಡಬ್ಬಿಯಂಥ ರಕ್ತ ಬೇಕು. ನೆನಪಂಬೋದು ಒಂದು ಕಾಳಷ್ಟೂ ಇರಬಾರದು. ದಿನಾ ಮುಂಜಾನೆ ಮೊದಲ ಅದನ್ನ ಅಳದು, ಅದನ್ನ ಸೊನ್ನಿ ಅಂತ ಇಟಗೊಂಡು, ಆಮ್ಯಾಲೆ ಉಳದವರನ್ನ ಅಳೀಬೇಕು."

ಇಷ್ಟು ದಿನ ಅಂಥ ಖಾಲಿ ರಕ್ತ ರಾಜಧಾನಿಯ ಉಗ್ರಾಣದಿಂದ ಬರುತ್ತಿತ್ತು. ಈಗ ಉಗ್ರಾಣ ಬರಿದಾಗಿತ್ತು. ಮನೆಮನೆಗೆ ಹೋಗಿ ಎಲ್ಲರಿಗೂ ಲಸಿಕೆ ಹಾಕಿ ಮೂವತ್ತು ವರ್ಷವಾಗಿತ್ತು. ಹುಟ್ಟಿದ ಕೂಸಿಗೆ ಹುಟ್ಟಿದ ದಿನವೇ ಹಾಕುತ್ತಿದ್ದರು. ಎಷ್ಟು ಹಾಕಿದರೂ ಹಿಡಿಯದ ಮೈ ಜಿಲ್ಲೆಗೆ ಒಂದೋ ಎರಡೋ. ಪಕ್ಕದ ಜಿಲ್ಲೆಯಲ್ಲಿ ಒಬ್ಬ ಸೊನ್ನೆ ಇದ್ದಾನೆಂದು ತಿಳಿದು ಇನಾಮದಾರರು ಪತ್ರ ಬರೆದಿದ್ದರು. ಸೊನ್ನೆಯನ್ನು ಎರವಲು ಕೊಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂದಿತ್ತು.

ಆಮೇಲೆ ಎಮ್ಮೆಯ ವಿಚಾರ. ಎಮ್ಮೆ ಯಾವ ಲಸಿಕೆಯನ್ನೂ ಹಾಕಿಸಿಕೊಂಡಿಲ್ಲ, ಆದ್ದರಿಂದ ಅದರ ರಕ್ತವೇ ಸೊನ್ನೆಯಾಗಲಿ ಎಂಬುದು ಇನಾಮದಾರರ ಸಲಹೆ. ಪರೀಕ್ಷೆಗೆಂದು ಒಂದು ಎಮ್ಮೆಯನ್ನು ಪ್ರಯೋಗಾಲಯದ ಬಾಗಿಲಿಗೆ ತಂದು ನಿಲ್ಲಿಸಿ ಹನಿ ತೆಗೆದರು. ಯಂತ್ರ ಗುರುಗುಟ್ಟಿ ಮೂವತ್ತೊಂದು ಎಂದಿತು. ಪಾಸಾದವರ ಭಾವಚಿತ್ರ ತೆಗೆದು, ಅಧಿಕಾರಿಯ ಸಹಿ ಒತ್ತಿ, ಪ್ರಮಾಣಪತ್ರ ಹೊರಹಾಕುವ ವ್ಯವಸ್ಥೆ ಯಂತ್ರದಲ್ಲೇ ಇತ್ತು. ಅದು ತನ್ನ ಕೆಲಸ ಮಾಡಿತು. ಕಾಯ್ದೆಯ ಪ್ರಕಾರ ಆ ಎಮ್ಮೆ ವರ್ಷವಿಡೀ ಕ್ಷೌರ ಮಾಡಬಹುದಿತ್ತು.

"ಅಂದ್ರ ಎಮ್ಮಿ ಪಾಸು, ನಾ ಫೇಲು" ಅಂದ ಫಕ್ಕೀರಪ್ಪ.

"ಕಾಯ್ದೆ ನಿಮ್ಮನ್ನ ಕಾಯಾಕ ಐತ್ರಿ. ಯಾರದರ ಗಡ್ಡ ತೆಗಿಯೂ ಮುಂದ ನಿಮ್ಮ ಬಟ್ಟು ಕುಯ್ದು ರೋಗ ಬಂತಂದ್ರ?"

"ನನ್ನ ಕಾಯಾಕ ನನ್ನ ಅಂಗಡಿ ಮುಚ್ಚಿಸೀರಿ. ಭಾಳ ಚಲೋ ಕಾದ್ರಿ. ಹೋಗ್ಲಿ, ನಾ ನಿಮ್ಮ ಡಬ್ಬಿ ಆಗ್ತೀನಿ. ನನಗೇನು ಕೊಡ್ತೀರಿ?"

"ಪಗಾರ ಐತಿ."

"ಪಗಾರ ಇರವಲ್ತ್ಯಾಕ. ನನ್ನ ಮೊಮ್ಮಗಳ ಜವಳ ಐತಿ ಕಾರ್ತೀಕದಾಗ. ಒಂದ ದಿನ, ಒಂದ ತಾಸು ಕತ್ತಿ ಹಿಡ್ಯಾಕ ಪರವಾನಗಿ ಕೊಡಸ್ರಿ. ಮುಂದ ಬೇಕಾದ್ರ ಸಾಯೂ ಮಟ ಸೊನ್ನಿ ಆಗಿ ಕೂಡ್ತೀನಿ."

ಡಾಕ್ಟರು ಇನಾಮದಾರರಿಗೆ ಹೇಳಿದರು. ಇನಾಮದಾರರು ಪರಿಶೀಲಿಸಲಾಗುವುದು ಎಂದು ಬರೆದುಕೊಟ್ಟರು. ಫೆಬ್ರವರಿ ಹದಿನಾಲ್ಕರಂದು ಫಕ್ಕೀರಪ್ಪ ಜಿಲ್ಲೆಯ ಅಧಿಕೃತ ಸೊನ್ನೆಯಾಗಿ ಕೆಲಸಕ್ಕೆ ಸೇರಿದ. ನೇಮಕಾತಿ ಆದೇಶದಲ್ಲಿ ಎರಡು ಷರತ್ತುಗಳಿದ್ದವು: ಹೆಪಟೈಟಿಸ್ ಬಿ ಲಸಿಕೆ ಇನ್ನು ಮುಂದೆ ಹಾಕಿಸಿಕೊಳ್ಳತಕ್ಕದ್ದಲ್ಲ, ಕತ್ತಿ ಮುಟ್ಟತಕ್ಕದ್ದಲ್ಲ. ಮೊದಲ ದಿನ ಅವನ ತೋಳಿನಿಂದ ಎರಡು ಚಮಚದಷ್ಟು ರಕ್ತ ತೆಗೆದು, ದಾಖಲೆಗೆಂದು ಒಂದು ಕೊಳವೆಯಲ್ಲಿ ಹಾಕಿ ಶೀತಪೆಟ್ಟಿಗೆಯ ತಳದಲ್ಲಿಟ್ಟರು. ಸರ್ಕಾರದಲ್ಲಿ ಎಲ್ಲದರದ್ದೂ ಒಂದು ಪ್ರತಿ ಇಡುತ್ತಾರೆ.

ಕೆಲಸ ಹಗುರ. ಬೆಳಿಗ್ಗೆ ಏಳಕ್ಕೆ ಬರಬೇಕು. ಮೇಜಿನ ಕಪಾಟಿನಿಂದ ಕಾಗದದಲ್ಲಿ ಸುತ್ತಿದ ಹೊಸ ಸೂಜಿ ತೆಗೆದು, ಬೆರಳ ತುದಿಯ ಚರ್ಮಕ್ಕೆ ಮೆಲ್ಲಗೆ ಚುಚ್ಚಿ, ಹನಿಯನ್ನು ಯಂತ್ರದ ಬಟ್ಟಲಿಗೆ ಅದ್ದಿ, ಸೂಜಿಯನ್ನು ಕೆಂಪು ತೊಟ್ಟಿಗೆ ಎಸೆಯಬೇಕು. ಹನ್ನೊಂದು ನಿಮಿಷ ಕೂರಬೇಕು. ಯಂತ್ರ ಸೊನ್ನೆ ಎಂದು ಚೀಟಿ ಕೊಡುತ್ತದೆ. ಅದರ ಕೆಳಗೆ ಸಹಿ ಮಾಡಬೇಕು. ಮೂವತ್ತು ದಿನಕ್ಕೆ ಮೂವತ್ತು ಸೊನ್ನೆ. ಬಸ್ ನಿಲ್ದಾಣದಲ್ಲಿ ಹಳೆಯ ಗಿರಾಕಿಗಳು "ಏನೋ ಸೊನ್ನಿ, ಹೊಂಟಿ ಆಫೀಸಿಗೆ?" ಎಂದು ಮಾತಾಡಿಸುತ್ತಿದ್ದರು. ಅವನು "ಹೂಂನ್ರೋ ಗಡ್ಡಗಳ್ರಾ" ಎಂದು ನಡೆಯುತ್ತಿದ್ದ.

ಏಪ್ರಿಲ್ ಕೊನೆಗೆ ಮೊದಲ ಅಚ್ಚರಿ ಬಂತು. ನರ್ಸುಗಳ ವಾರ್ಷಿಕ ಪರೀಕ್ಷೆಯಲ್ಲಿ ಹಿರಿಯ ನರ್ಸುಗಳು ಆರು ಮಂದಿ ಫೇಲಾದರು. ವಯಸ್ಸಾಯಿತು, ನೆನಪು ಕಡಿಮೆಯಾಗಿದೆ ಎಂದರು ಇನಾಮದಾರರು. ಆ ಆರು ಮಂದಿ ಅವರ ಜೊತೆ ಮಾತು ಬಿಟ್ಟರು. ಜೂನಿನಲ್ಲಿ ಕ್ಷೌರಿಕರಲ್ಲಿ ಅರ್ಧದಷ್ಟು ಫೇಲು. ಎಲ್ಲರಿಗೂ ಮತ್ತೆ ಲಸಿಕೆ ಹಾಕಿದರು. ಅಂಕ ಏರಿತು, ತಿಂಗಳಾಗುವಷ್ಟರಲ್ಲಿ ಮತ್ತೆ ಇಳಿಯಿತು. ಆಗಸ್ಟಿನಲ್ಲಿ ಬಸಣ್ಣನ ಎಂಟುನೂರಾ ಮೂವತ್ತು ನಾಲ್ಕಕ್ಕೆ ಬಂತು. ಅವನು ಬೋರ್ಡು ಇಳಿಸಿ ಗೋಡೆಯ ಕಡೆ ಮುಖ ಮಾಡಿ ಇಟ್ಟ.

ಫಕ್ಕೀರಪ್ಪ ಮನೆಯಲ್ಲಿ ಇದನ್ನು ಹೇಳುವಾಗ ದನಿಯಲ್ಲಿ ಕನಿಕರವೇ ಇತ್ತು. "ಪಾಪ, ಬಸಣ್ಣಂದು ಹೋತು. ಇನ್ನ ಆಂವಗ ಜವಳ ಹೇಳಾಕ ಬರಂಗಿಲ್ಲ" ಎಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಸೆಪ್ಟೆಂಬರ್ ಹೊತ್ತಿಗೆ ಜಿಲ್ಲೆಯಲ್ಲಿ ಅಲಗು ಹಿಡಿಯಬಲ್ಲ ಕ್ಷೌರಿಕರು ಒಬ್ಬರೂ ಉಳಿಯಲಿಲ್ಲ. ಸ್ವಂತ ಗಡ್ಡ ತೆಗೆದುಕೊಳ್ಳಬೇಕೆಂದರೆ ಸ್ವಂತ ಅಂಕ ಬೇಕು, ಅದೂ ಇಲ್ಲ. ಇನಾಮದಾರರ ಗಡ್ಡ ಮೊದಲ ಗುಂಡಿಯವರೆಗೆ ಬಂತು, ಅದರ ತುದಿ ಸುತ್ತೋಲೆಗಳ ಶಾಯಿಯಲ್ಲಿ ಅದ್ದತೊಡಗಿತು. ತಹಸೀಲ್ದಾರರನ್ನು ಅವರ ಮನೆಯ ನಾಯಿಯೇ ಒಳಗೆ ಬಿಡಲಿಲ್ಲವೆಂದು ಸುದ್ದಿ. ಹಲ್ಲು ನೋವಿನವರು ಪಕ್ಕದ ಜಿಲ್ಲೆಗೆ ಬಸ್ಸು ಹತ್ತಿದರು.

ಆ ಗದ್ದಲದಲ್ಲೇ ಫಕ್ಕೀರಪ್ಪನ ಅರ್ಜಿಗೆ ಉತ್ತರ ಬಂತು. ಹಿಂದೆ ಅಂಕ ಇದ್ದವರಿಗೇ ಪರವಾನಗಿ ಇಲ್ಲದ ಪ್ರಸ್ತುತ ಪರಿಸ್ಥಿತಿಯಲ್ಲಿ, ಸೊನ್ನೆಗೆ ಕೊಡುವುದು ತಪ್ಪು ಸಂದೇಶ ರವಾನಿಸುತ್ತದೆ, ಆದ್ದರಿಂದ ತಿರಸ್ಕರಿಸಿದೆ.

ಅವನು ಅದನ್ನು ಎರಡು ಸಲ ಓದಿಸಿಕೊಂಡ. ಆ ದಿನ ರೊಟ್ಟಿ ತಿನ್ನಲಿಲ್ಲ. ಜವಳದ ಮುಹೂರ್ತ ನವೆಂಬರ್ ಹನ್ನೆರಡು, ಬೆಳಿಗ್ಗೆ ಹತ್ತೂವರೆಗೆ ಇಟ್ಟಾಗಿತ್ತು.

"ಐದಕ್ಕ ಮಾಡೂಣ ಬಿಡು ಯಪ್ಪಾ" ಅಂದಳು ರೇಣುಕಾ. ತನ್ನ ಅತ್ತೆ ಐದರವರೆಗೆ ಸುಮ್ಮನಿರುವವರಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

"ಐದಕ್ಕ ನನ್ನ ಕೈ ನಡಗಾಕ ಹತ್ತಿತಂದ್ರ?" ಅಂದ ಅವನು. ಅರವತ್ತಕ್ಕೆ ಎರಡೇ ವರ್ಷ ಬಾಕಿ. ಮೊದಲ ಕತ್ತಿ ಇಡಲು ಅಲುಗದ ಕೈ ಬೇಕು.

ಅಕ್ಟೋಬರ್ ಎರಡನೇ ವಾರ ಡಾಕ್ಟರ್ ವಸುಂಧರಾ ತಮ್ಮದೇ ರಕ್ತ ಅಳೆದುಕೊಂಡರು. ಹೋದ ವರ್ಷ ಎರಡು ಸಾವಿರವಿದ್ದದ್ದು ಈಗ ಒಂದು. ಅವರಿಗೆ ಅಲ್ಲಿಯವರೆಗೆ ಜಿಲ್ಲೆಯ ಜನರ ಮೇಲೆ ಅನುಮಾನವಿತ್ತು. ಈಗ ಯಂತ್ರದ ಮೇಲೆ ಬಂತು. ಮರುದಿನ ಬೆಳಿಗ್ಗೆ ಏಳಕ್ಕೆ ಅವರೇ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು, ಮೊದಲಿನಿಂದ ಕೊನೆಯವರೆಗೆ ಒಂದೊಂದು ಹೆಜ್ಜೆಯನ್ನೂ ನೋಡಬೇಕೆಂದು.

ಫಕ್ಕೀರಪ್ಪ ಬಂದ. ಕೈ ತೊಳೆದ. ಅಂಗಿಯ ಜೇಬಿನಿಂದ ಒಂದು ಸಣ್ಣ ಚರ್ಮದ ಪಟ್ಟಿ ತೆಗೆದು, ಅದರ ಒಂದು ತುದಿಯನ್ನು ಮೇಜಿನ ಹಿಡಿಕೆಗೆ ಸಿಕ್ಕಿಸಿ, ಇನ್ನೊಂದು ತುದಿ ಎಳೆದು ಹಿಡಿದು, ಏನನ್ನೋ ಮೆಲ್ಲಗೆ ತೀಡತೊಡಗಿದ.

"ಏನ್ ಮಾಡಾಕ ಹತ್ತೀರಿ?"

"ಧಾರ ಹಿಡ್ಯಾಕ ಹತ್ತೀನ್ರಿ."

"ಯಾವದಕ್ಕ?"

"ಸೂಜಿಗಿ."

ಡಾಕ್ಟರು ಎದ್ದು ನಿಂತರು. "ಯಾವ ಸೂಜಿಗಿ?"

"ಈ ಸೂಜಿಗ್ರಿ. ಫೆಬ್ರವರ್ಯಾಗ ಕೊಟ್ಟಿದ್ರೆಲ್ಲ."

"ದಿನಾ ಹೊಸಾದು ತಗೋರಿ ಅಂತ ಹೇಳಿದ್ದೆ."

"ಹೇಳಿದ್ರಿ ಖರೆ. ಬಾಯಾರ, ಗಿರಾಕಿಗೆ ನಾ ಒಂದ ಬ್ಲೇಡ್ ಎರಡನೇ ಸಲ ಹಚ್ಚಿದಂವ ಅಲ್ಲ, ಕೇಳ್ರಿ ಬೇಕಾದ್ರ ಊರಾಗ. ಇದು ನನ್ನ ಬಟ್ಟು, ನನ್ನ ರಕ್ತ, ನನ್ನ ಸೂಜಿ. ಇಂಥಾ ಗಟ್ಟಿ ಉಕ್ಕ ನಾ ಸೀದಾ ಕಸಕ್ಕ ಹೆಂಗ ಒಗೀಲಿ? ಹೊಸಾವು ಕೈಗೆ ಕೂಡಂಗೂ ಇಲ್ಲ, ಒರಟ. ಇದು ಎರಡನೇ ವಾರಕ್ಕ ಹದಕ್ಕ ಬಂತು. ಈಗ ಚುಚ್ಚಿದ್ದ ಗೊತ್ತಾಗಂಗಿಲ್ಲ ನೋಡ್ರಿ." ಅವನು ಕಪಾಟು ಎಳೆದು ತೋರಿಸಿದ. ಕಾಗದ ಬಿಚ್ಚದ ಸೂಜಿಗಳು ಸಾಲಾಗಿ ಮಲಗಿದ್ದವು. "ನಿಮ್ಮ ಸಾಮಾನು ನಿಮ್ಮ ಹತ್ರನ ಅದಾವ. ಇದೊಂದು ಬಿಟ್ರ ಒಂದೂ ಕಮ್ಮಿ ಇಲ್ಲ."

ಡಾಕ್ಟರು ಕುರ್ಚಿಯಲ್ಲಿ ಮತ್ತೆ ಕೂತರು. ದಿನವೂ ಹುಸಿಕವಚದ ಬಟ್ಟಲಿಗೆ ಅದ್ದಿದ ಸೂಜಿ. ತೊಳೆಯದೆ, ಬರೀ ಚರ್ಮಕ್ಕೆ ತೀಡಿ, ಮರುದಿನ ಅದೇ ಬೆರಳಿಗೆ. ಲೆಕ್ಕ ಹಾಕಿದರೆ ಇನ್ನೂರಾ ನಲವತ್ತು ಸಲ.

ಅವರು ಶೀತಪೆಟ್ಟಿಗೆಯ ಹಿಂದೆ ಮರೆತುಹೋಗಿದ್ದ ಹಳೆಯ ಬಾಟಲಿಗಳನ್ನು ತೆಗೆದು, ಅವರ ಗುರುಗಳ ಕಾಲದ ರೀತಿಯಲ್ಲಿ, ಯಂತ್ರವಿಲ್ಲದೆ, ಫಕ್ಕೀರಪ್ಪನ ಪ್ರತಿಕಾಯ ಎಣಿಸಿದರು. ಸಂಜೆಯ ತನಕ ಹಿಡಿಯಿತು. ನಾಲ್ಕು ಸಾವಿರದ ಇನ್ನೂರು.

"ಇದರ ಅರ್ಥ ಏನ್ರಿ?"

"ಲಸಿಕಿ ತೋಳಿನ ಸ್ನಾಯುವಿಗೆ ಹಾಕ್ತಾರ. ನಿಮ್ಮ ಮೈ ಅಲ್ಲಿ ಒಂಬತ್ತು ಸಲಕ್ಕೂ ಏಳಲಿಲ್ಲ. ಆದ್ರ ಚರ್ಮ ಬ್ಯಾರೆ. ಚರ್ಮದಾಗ ಕಾವಲಗಾರರು ಭಾಳ. ನೀವು ದಿನಾ ಆ ಹುಸಿಕವಚದ ಒಂದು ಹನಿಯ ಸಾವಿರದಾಗ ಒಂದು ಪಾಲು ಅಲ್ಲಿ ತೋರಿಸಿಗೋತ ಹೋಗೀರಿ. ಕಡೀಕ ಎದ್ದಾವ. ಹೆಂಗ ಎದ್ದಾವಂದ್ರ, ಜಿಲ್ಲಾದಾಗ ನಿಮ್ಮಷ್ಟು ನಿರೋಧ ಇರಾವ್ರು ಇನ್ನೊಬ್ರಿಲ್ಲ."

"ಮತ್ತ ಉಳದವರು ಫೇಲಾದದ್ದು?"

"ಖಾಲಿ ಡಬ್ಬಿ ದಿನಾ ತುಂಬಿಗೋತ ಹೋತು. ನಾವು ಖಾಲಿ ಅಂತ ತಿಳಕೊಂಡು ತೂಕ ಕಳಿಯೂದು ಬಿಡಲಿಲ್ಲ. ಅವರ ಎಣ್ಣಿ ಅಷ್ಟ ಇತ್ತು, ಲೆಕ್ಕದಾಗ ಕಮ್ಮಿ ಆಗಿಗೋತ ಬಂತು."

ಫಕ್ಕೀರಪ್ಪ ತನ್ನ ಬೆರಳ ತುದಿ ನೋಡಿಕೊಂಡ. ಜಿಲ್ಲೆಯ ಗಡ್ಡಗಳೆಲ್ಲ ಅಲ್ಲಿಂದ ಬೆಳೆದಿದ್ದವು. ಆಮೇಲೆ ಅವನು ಕೇಳಬೇಕಾದ್ದನ್ನೇ ಕೇಳಿದ. "ಹಂಗಾರ ನಾ ಪಾಸು?"

ಇನಾಮದಾರರು ಹಾಗೆ ತಿಳಿಯಲಿಲ್ಲ. ಕಾಯ್ದೆ ಒಪ್ಪುವುದು ಯಂತ್ರದ ಲೆಕ್ಕ, ಬಾಟಲಿಯ ಲೆಕ್ಕವಲ್ಲ. ಯಂತ್ರ ಎಲ್ಲರ ರಕ್ತದಿಂದ ಫಕ್ಕೀರಪ್ಪನ ರಕ್ತವನ್ನು ಕಳೆಯುತ್ತದೆ. ಫಕ್ಕೀರಪ್ಪನಿಂದ ಫಕ್ಕೀರಪ್ಪನನ್ನು ಕಳೆದರೆ ಉಳಿಯುವುದು ಸೊನ್ನೆ. ಅವನ ಮೈಯಲ್ಲಿ ನಾಲ್ಕು ಸಾವಿರವಿರಲಿ, ನಾಲ್ಕು ಲಕ್ಷವಿರಲಿ, ಈ ಹುದ್ದೆಯಲ್ಲಿ ಇರುವ ತನಕ ಅವನು ಪಾಸಾಗಲು ಸಾಧ್ಯವೇ ಇಲ್ಲ.

"ಹುದ್ದೆ ಬಿಡ್ತೀನ್ರಿ."

"ಬ್ಯಾರೆ ಸೊನ್ನಿ ಹುಡುಕಿ ಕೊಟ್ಟು ಬಿಡ್ರಿ" ಎಂದರು ಇನಾಮದಾರರು, ಗಡ್ಡದಿಂದ ಒಂದು ಗುಂಡುಸೂಜಿ ಹೆಕ್ಕಿ ತೆಗೆಯುತ್ತ.

ಬೇರೆ ಸೊನ್ನೆ ಇರಲಿಲ್ಲ. ಇದ್ದದ್ದು ಶೀತಪೆಟ್ಟಿಗೆಯ ತಳದ ಒಂದು ಕೊಳವೆ. ಡಾಕ್ಟರಿಗೆ ಅದು ನೆನಪಾಗಲು ಮೂರು ವಾರ ಹಿಡಿಯಿತು. ಫೆಬ್ರವರಿ ಹದಿನಾಲ್ಕರ ಫಕ್ಕೀರಪ್ಪ, ಒಂದು ಕಾಳಷ್ಟೂ ನೆನಪಿಲ್ಲದವನು, ಅದರಲ್ಲಿ ಹಾಗೇ ಇದ್ದ. ಆದರೆ ಒಮ್ಮೆ ಕರಗಿಸಿದರೆ ಆ ರಕ್ತ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ, ಅದು ಕೆಟ್ಟರೆ ಯಂತ್ರ ಹಿಡಿದಿಟ್ಟ ಸೊನ್ನೆಯೂ ಕೆಡುತ್ತದೆ. ಮೊದಲ ಹನ್ನೊಂದು ನಿಮಿಷ ಸೊನ್ನೆ ಅಳೆಯಲು ಬೇಕು. ಉಳಿದ ಹೊತ್ತಿನಲ್ಲಿ ಒಬ್ಬರನ್ನು ಅಳೆಯಬಹುದು. ಒಬ್ಬರನ್ನೇ.

ಜಿಲ್ಲೆಯ ಅಧಿಕಾರಿಗಳೆಲ್ಲ ಸಭೆ ಸೇರಿದರು. ನಲವತ್ತು ಗಡ್ಡಗಳು ಒಂದೇ ಮೇಜಿನ ಸುತ್ತ. ನವೆಂಬರ್ ಹದಿಮೂರಕ್ಕೆ ಮಂತ್ರಿಗಳ ಭೇಟಿ ಇತ್ತು. ಈ ಮುಖಗಳನ್ನು ಹೊತ್ತು ಅವರೆದುರು ನಿಂತರೆ, ಇಡೀ ಜಿಲ್ಲೆ ಫೇಲಾದ ಸುದ್ದಿಯನ್ನು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಆ ಒಬ್ಬರು ಯಾರಾಗಬೇಕು ಎಂದು ಮೊದಲ ಗಂಟೆ ಎಲ್ಲರೂ ತಮ್ಮ ತಮ್ಮ ಹೆಸರು ಹೇಳಿದರು.

"ನಿಮ್ಮೊಳಗ ಒಬ್ರು ಪಾಸಾದ್ರ ಒಂದ ಗಡ್ಡ ಹೋಗ್ತೈತಿ" ಎಂದರು ಡಾಕ್ಟರು. "ಒಬ್ಬ ಹಡಪದಾಂವ ಪಾಸಾದ್ರ ನಲವತ್ತೂ ಹೋಗ್ತಾವ. ಇನ್ನೊಂದು ಮಾತು. ಫಕ್ಕೀರಪ್ಪ ಪಾಸಾದ್ರ ಸೊನ್ನಿ ಈಗ ಸೊನ್ನಿ ಅಲ್ಲ ಅಂತ ಯಂತ್ರನ ಬರದು ಕೊಟ್ಟಂಗ ಆಗ್ತೈತಿ. ಮುಂದ ಎಲ್ಲಾರ ಫೇಲೂ ರದ್ದು ಮಾಡಾಕ ಕಾಗದ ಸಿಕ್ಕಂಗಾತು."

ಇನಾಮದಾರರು ಗಡ್ಡ ನೀವಿದರು. "ಸೊನ್ನಿನ ಅರ್ಜಿ ಹಾಕಿದ್ರ ಹೆಂಗ್ರಿ? ಇಬ್ರೂ ಒಬ್ರ ಅಲ್ಲೇನು?"

"ಅಲ್ಲ. ಆಂವ ಫೆಬ್ರವರಿಯಾಂವ, ಈಂವ ನವೆಂಬರಿನಾಂವ."

ಅರ್ಜಿಯಲ್ಲಿ ಮಾದರಿ ವ್ಯಕ್ತಿಗೂ ಅರ್ಜಿದಾರರಿಗೂ ಇರುವ ಸಂಬಂಧ ಎಂಬ ಅಂಕಣದಲ್ಲಿ ಏನು ಬರೆಯುವುದು ಎಂದು ಇನ್ನೊಂದು ಗಂಟೆ ಹೋಯಿತು. ಕೊನೆಗೆ 'ಪರಿಚಯಸ್ಥರು' ಎಂದು ಬರೆದರು.

ನವೆಂಬರ್ ಹನ್ನೆರಡರ ಬೆಳಿಗ್ಗೆ ಎಂಟಕ್ಕೆ ಕೊಳವೆ ಕರಗಿಸಿ, ಮೊದಲು ಅದನ್ನು ಸೊನ್ನೆಯೆಂದು ಅಳೆದಿಟ್ಟುಕೊಂಡರು. ಫಕ್ಕೀರಪ್ಪ ಡಾಕ್ಟರ ಎದುರಿನಲ್ಲೇ ಕಾಗದ ಹರಿದು ಹೊಸ ಸೂಜಿ ತೆಗೆದು, ಒರಟಾಗಿದೆ ಎಂದು ಗೊಣಗಿ, ಚುಚ್ಚಿಕೊಂಡ. ಯಂತ್ರ ಗುರುಗುಟ್ಟಿತು. ಹನ್ನೊಂದು ನಿಮಿಷ ನಲವತ್ತು ಗಡ್ಡಗಳು ಬಾಗಿಲಲ್ಲಿ ಕಾದವು. ಚೀಟಿ ಬಂತು: ನಾಲ್ಕು ಸಾವಿರದ ಮುನ್ನೂರಾ ಹನ್ನೊಂದು. ಅದರ ಹಿಂದೆಯೇ ಭಾವಚಿತ್ರದ ಸಮೇತ ಪ್ರಮಾಣಪತ್ರ. ಚಿತ್ರದಲ್ಲಿ ಫಕ್ಕೀರಪ್ಪ ಯಂತ್ರದ ಕಡೆ ನೋಡುತ್ತಿಲ್ಲ, ಗಡಿಯಾರದ ಕಡೆ ನೋಡುತ್ತಿದ್ದಾನೆ.

ಉಳಿದವರ ಫೇಲು ರದ್ದಾಗಲು ಐದು ತಿಂಗಳು ಹಿಡಿಯಿತು. ಆಮೇಲೆ ಕಾಯ್ದೆಯನ್ನೇ ತಿದ್ದಿದರು. ಈಗ ಅಂಕ ಕೇಳುವುದಿಲ್ಲ. ಲಸಿಕೆ ಹಾಕಿಸಿದ್ದೀರಾ, ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕುತ್ತೀರಾ ಎಂದು ಕೇಳುತ್ತಾರೆ. ಹಿಡಿಯದ ಮೈಯವರಿಗೆ ಡಾಕ್ಟರ್ ವಸುಂಧರಾ ಚರ್ಮದೊಳಗೆ ಸಣ್ಣ ಸಣ್ಣದಾಗಿ ಲಸಿಕೆ ಕೊಡುತ್ತಾರೆ, ಪ್ರತಿ ಸಲವೂ ಹೊಸ ಸೂಜಿಯಲ್ಲಿ. ಆದರೆ ಅದೆಲ್ಲ ಮುಂದಿನ ಮಾತು. ಅವತ್ತು ಬೆಳಿಗ್ಗೆ ಇಡೀ ಜಿಲ್ಲೆಯಲ್ಲಿ ಕಾಯ್ದೆಯ ಪ್ರಕಾರ ಕತ್ತಿ ಹಿಡಿಯಬಲ್ಲ ಮನುಷ್ಯ ಫಕ್ಕೀರಪ್ಪ ಒಬ್ಬನೇ ಆಗಿದ್ದ.

"ಇಲ್ಲೇ ಸುರು ಮಾಡ್ರಿ" ಎಂದು ಇನಾಮದಾರರು ಕುರ್ಚಿ ಎಳೆದುಕೊಂಡು ಕತ್ತು ಎತ್ತಿದರು.

"ಮೊದಲ ಜವಳ ಐತ್ರಿ ಸಾಹೇಬ್ರ. ಹತ್ತೂವರೆಗೆ."

"ಆಮ್ಯಾಲೆ?"

"ಆಮ್ಯಾಲೆ ಸರತಿ."

ಅವನು ಮನೆಗೆ ನಡೆದ. ಹಿಂದೆ ಅಧಿಕಾರಿಗಳೂ ನಡೆದರು, ಹೆಗಲ ಮೇಲೆ ಒಂದೊಂದು ಟವೆಲ್ಲು. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಫಕ್ಕೀರಪ್ಪನ ಮನೆಯ ಗೋಡೆಯಿಂದ ಹಿಡಿದು ನೀರಿನ ಟಾಕಿಯವರೆಗೆ ನಲವತ್ತು ಗಡ್ಡಗಳು ಸಾಲಾಗಿ ಕೂತವು.

ಅಂಗಳದಲ್ಲಿ ಮಣೆ ಹಾಕಿ ನೀಲಿಯನ್ನು ಕೂರಿಸಿದ್ದರು. ಸೋದರಮಾವ ಶಾಸ್ತ್ರಕ್ಕೆ ಒಂದು ಎಳೆ ಕೂದಲು ಹಿಡಿದುಕೊಟ್ಟ. ಫಕ್ಕೀರಪ್ಪ ಹೊಸ ಬ್ಲೇಡಿನ ಕಾಗದವನ್ನು ಎಲ್ಲರಿಗೂ ಕಾಣುವಂತೆ ಹರಿದು ಕತ್ತಿಗೆ ಹಾಕಿದ, ಮಗುವಿನ ತಲೆಗೆ ನೀರು ಹಚ್ಚಿ ತಿಕ್ಕಿದ. ಎಡಗೈ ನೆತ್ತಿಯ ಮೇಲೆ, ಬಲಗೈಯಲ್ಲಿ ಕತ್ತಿ. ಕೈ ಅಲುಗಲಿಲ್ಲ. ಮೊದಲ ಜಡೆ ಬುಟ್ಟಿಗೆ ಬಿದ್ದಾಗ ರೇಣುಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರು ವರ್ಷದಿಂದ ತಕರಾರು ತೆಗೆಯುತ್ತಿದ್ದ ಅವಳ ಅತ್ತೆ ಬುಟ್ಟಿಯನ್ನು ತಾವೇ ಹತ್ತಿರಕ್ಕೆ ಸರಿಸಿದರು.

ಅರ್ಧ ತಲೆ ಆಗುವಷ್ಟರಲ್ಲಿ ನೀಲಿ ಮಿಸುಕಾಡತೊಡಗಿದಳು. ಕೂಸು ಅಲ್ಲಾಡಿದರೆ ಕತ್ತಿ ನಿಲ್ಲಿಸಬೇಕು, ಬಾಯಿ ಶುರುಮಾಡಬೇಕು. ಹಡಪದವರ ಮನೆಯಲ್ಲಿ ಮೊದಲು ಕಲಿಸುವುದೇ ಅದನ್ನು.

"ಕತಿ ಹೇಳ್ಲಿ?"

"ಹೂಂ."

"ಒಂದ ಊರಾಗ ಒಬ್ಬ ಸೊನ್ನಿ ಇದ್ದ."

"ಯಾಕ?"

"ಯಾಕಂದ್ರ ಆಂವಗ ಏನೂ ನೆನಪ ಇರ್ತಿದ್ದಿಲ್ಲ. ದಿನಾ ಮುಂಜಾನೆ ಒಂದ ಸೂಜಿ ಬಂದು ನಿನಗೇನರ ನೆನಪೈತೇನೋ ಅಂತ ಕೇಳೂದು. ಇಲ್ಲವಾ ಅಂತಿದ್ದ. ಹಿಂಗ ಕೇಳಿ ಕೇಳಿ ಸೂಜಿಗಿ ಬ್ಯಾಸರಾತು. ಒಂದ ದಿನ ಆ ಸೊನ್ನಿ ಸೂಜೀನ ಕೈಯಾಗ ಹಿಡಕೊಂಡು, ಕಿಂವ್ಯಾಗ ಏನ್ ಹೇಳ್ದಾ ಅಂದ್ರ..."

ನೀಲಿ ಮಣೆಯಿಂದ ಇಳಿದಳು. ಒಂದು ಕಡೆ ಬೋಳು, ಇನ್ನೊಂದು ಕಡೆ ಹೆಗಲಿಗೆ ಇಳಿಬಿದ್ದ ಜಡೆ. ಅಂಗಳ ದಾಟಿ, ಬಾಗಿಲು ದಾಟಿ, ಸಾಲಿನಲ್ಲಿ ಮೊದಲಿಗರಾಗಿ ಕೂತಿದ್ದ ಇನಾಮದಾರರ ಮುಂದೆ ಹೋಗಿ ನಿಂತು ಅವರ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದಳು.

"ಏನ್ ಹೇಳ್ದಾ ಅಂದ್ರ" ಎಂದು ಫಕ್ಕೀರಪ್ಪ ಖಾಲಿ ಮಣೆಗೆ ಮತ್ತೊಮ್ಮೆ ಹೇಳಿ, ಕತ್ತಿ ಹಿಡಿದ ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದು, ಮೊಮ್ಮಗಳು ಮರಳಿ ಮಣೆ ಏರುವುದನ್ನು ಕಾಯುತ್ತ ನಿಂತ.